ಬ್ಯಾಂಕ್ ಕೆಲಸ ಯಾಕೆ ಬಿಡುತ್ತಾರೆ? ಮೊದಲು ಯಾವಾಗ ಬಿಡುತ್ತಾರೆ ನೋಡಿ

ರಾಜೀನಾಮೆ ಪತ್ರದಲ್ಲಿ ಬರೆಯುವ ಕಾರಣ ಎಲ್ಲರದೂ ಹೆಚ್ಚುಕಮ್ಮಿ ಒಂದೇ. 'ವೈಯಕ್ತಿಕ ಕಾರಣಗಳಿಂದ.' ಎಕ್ಸಿಟ್ ಇಂಟರ್‌ವ್ಯೂನಲ್ಲಿ ಕೂರಿಸಿ ಕೇಳಿದರೆ 'ಬೇರೆ ಕಡೆ ಒಳ್ಳೆ ಅವಕಾಶ ಸಿಕ್ಕಿದೆ' ಅನ್ನುತ್ತಾರೆ. ಎರಡೂ ಸುಳ್ಳಲ್ಲ, ಆದರೆ ಎರಡರಿಂದಲೂ ಏನೂ ತಿಳಿಯುವುದಿಲ್ಲ. ರಿಲೀವಿಂಗ್ ಲೆಟರ್ ಕೈಗೆ ಬರುವ ಮೊದಲು ಮೇಲಧಿಕಾರಿಯ ಮೇಲೆ ದೂರು ಬರೆದುಕೊಡುವಷ್ಟು ಪೆದ್ದರು ಯಾರೂ ಇರುವುದಿಲ್ಲ. ಹಾಗಾಗಿ ನಿಜವಾದ ಕಾರಣ ಬೇಕಾದವರು ಪತ್ರವನ್ನು ಪಕ್ಕಕ್ಕಿಟ್ಟು ತಾರೀಖು ನೋಡಬೇಕು. ಕೆಲಸಕ್ಕೆ ಸೇರಿ ಎಷ್ಟು ತಿಂಗಳಾಗಿತ್ತು, ಬಿಟ್ಟಿದ್ದು ವರ್ಷದ ಯಾವ ತಿಂಗಳಲ್ಲಿ, ಯಾವ ಹುದ್ದೆಯಿಂದ, ಯಾವ ಶಾಖೆಯಿಂದ. ಈ ನಾಲ್ಕನ್ನು ಬರೆದಿಟ್ಟುಕೊಂಡರೆ ಮೈಸೂರಿನ ಕುವೆಂಪುನಗರದ ಖಾಸಗಿ ಬ್ಯಾಂಕಿನ ಹುಡುಗ ಬಿಟ್ಟಿದ್ದಕ್ಕೂ ನಾಗಮಂಗಲ ತಾಲ್ಲೂಕಿನ ಸರ್ಕಾರಿ ಬ್ಯಾಂಕ್ ಮ್ಯಾನೇಜರ್ ಬಿಟ್ಟಿದ್ದಕ್ಕೂ ಸಂಬಂಧವೇ ಇಲ್ಲ ಎಂಬುದು ಗೊತ್ತಾಗುತ್ತದೆ.

ಮೊದಲು ಲೆಕ್ಕ. ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್‌ನಲ್ಲಿ ಹೊರತಂದ ಬ್ಯಾಂಕಿಂಗ್ ಪ್ರಗತಿ ವರದಿಯಲ್ಲಿ ಈ ವಿಷಯ ನೇರವಾಗಿ ಬಂದಿದೆ. ಆಯ್ದ ಖಾಸಗಿ ಬ್ಯಾಂಕುಗಳಲ್ಲಿ ಮತ್ತು ಸ್ಮಾಲ್ ಫೈನಾನ್ಸ್ ಬ್ಯಾಂಕುಗಳಲ್ಲಿ ಕೆಲಸ ಬಿಡುವವರ ಪ್ರಮಾಣ ಸರಾಸರಿ ಶೇ. 25ರ ಆಸುಪಾಸಿನಲ್ಲಿದೆ, ಮೂರು ವರ್ಷಗಳಲ್ಲಿ ಅದು ತೀವ್ರವಾಗಿ ಏರಿದೆ ಎಂದು ಆ ವರದಿ ಹೇಳುತ್ತದೆ. ಗ್ರಾಹಕ ಸೇವೆಗೆ ಅಡ್ಡಿ, ಅನುಭವದ ನಷ್ಟ, ನೇಮಕಾತಿ ಖರ್ಚು ಎಂದು ಪಟ್ಟಿ ಮಾಡಿ ಇದನ್ನು ಬ್ಯಾಂಕಿನ ಕಾರ್ಯನಿರ್ವಹಣೆಗೇ ಅಪಾಯ ಎಂದು ಕರೆದಿದೆ. ಖಾಸಗಿ ಬ್ಯಾಂಕುಗಳ ಒಟ್ಟು ಸಿಬ್ಬಂದಿ ಸಂಖ್ಯೆ ಸರ್ಕಾರಿ ಬ್ಯಾಂಕುಗಳದ್ದನ್ನು ದಾಟಿದ್ದೂ 2023-24ರಲ್ಲೇ.

ಈ ಶೇಕಡಾವಾರು ಲೆಕ್ಕವನ್ನು ತಪ್ಪಾಗಿ ಓದುವುದು ಸುಲಭ. ವರ್ಷದಲ್ಲಿ ಬಿಟ್ಟವರ ಸಂಖ್ಯೆಯನ್ನು ಆ ವರ್ಷದ ಸರಾಸರಿ ಸಿಬ್ಬಂದಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಬರುವುದು ಅಟ್ರಿಷನ್ ದರ. 12 ಜನರ ಶಾಖೆಯಲ್ಲಿ 3 ಜನ ಬಿಟ್ಟರೆ ಶೇ. 25. ಆದರೆ ಆ ಮೂವರು ಮೂರು ಬೇರೆ ಕುರ್ಚಿಯವರೇ ಆಗಿರಬೇಕಿಲ್ಲ. ಸೇಲ್ಸ್ ಆಫೀಸರ್ ಕುರ್ಚಿಯೊಂದೇ ವರ್ಷದಲ್ಲಿ ಮೂರು ಸಲ ಖಾಲಿಯಾಗಿ, ಮಿಕ್ಕ 11 ಜನ ಅಲ್ಲಾಡದೆ ಕೂತಿದ್ದರೂ ಉತ್ತರ ಅದೇ ಬರುತ್ತದೆ. ಆದ್ದರಿಂದ ಒಟ್ಟು ದರಕ್ಕಿಂತ ಮೊದಲ ವರ್ಷದೊಳಗೆ ಬಿಟ್ಟವರ ದರವನ್ನು ಬೇರೆಯಾಗಿ ತೆಗೆಯಬೇಕು. ಷೇರುಪೇಟೆಯ ಮೊದಲ 1000 ಕಂಪನಿಗಳು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ವಾರ್ಷಿಕ ವರದಿಯ ಜೊತೆ ಸುಸ್ಥಿರತೆ ವರದಿ ಕೊಡಬೇಕು. ಕಾಯಂ ಸಿಬ್ಬಂದಿ ಬಿಟ್ಟ ದರ, ಗಂಡಸರದ್ದು ಹೆಂಗಸರದ್ದು ಬೇರೆಬೇರೆಯಾಗಿ, ಮೂರು ವರ್ಷದ್ದು ಅದರಲ್ಲಿರುತ್ತದೆ. ಸೇರುವ ಬ್ಯಾಂಕ್ ಯಾವುದೆಂದು ತೀರ್ಮಾನಿಸುವ ಮೊದಲು ಆ ಒಂದು ಪುಟ ನೋಡಿಕೊಳ್ಳಿ. ನೇಮಕಾತಿಯವರು ಅದನ್ನು ತಾವಾಗಿ ತೋರಿಸುವುದಿಲ್ಲ.

ಮೊದಲ ಆರು ತಿಂಗಳು

ಖಾಸಗಿ ಬ್ಯಾಂಕುಗಳಲ್ಲಿ ಜನ ಸೋರಿಹೋಗುವುದು ಇಲ್ಲಿ. ಹುಡುಗ ಅಥವಾ ಹುಡುಗಿ ಬಿ.ಕಾಂ ಮುಗಿಸಿ, ಮನೆಯವರಿಗೆ 'ಬ್ಯಾಂಕಲ್ಲಿ ಕೆಲಸ ಸಿಕ್ತು' ಎಂದು ಹೇಳಿ ಸೇರಿರುತ್ತಾರೆ. ಮಂಡ್ಯ ಕಡೆ ಹಳ್ಳಿಯಲ್ಲಿ ಬ್ಯಾಂಕ್ ಕೆಲಸ ಅಂದರೆ ಫ್ಯಾನ್ ಕೆಳಗೆ ಕೂತು ಮಾಡುವ ಕೆಲಸ. ಸೇರಿದ ಎರಡನೇ ವಾರ ಗೊತ್ತಾಗುವುದು, ತನಗೆ ಶಾಖೆಯಲ್ಲಿ ಕುರ್ಚಿಯೇ ಇಲ್ಲ, ಇರುವುದು ಬೈಕ್ ಮಾತ್ರ ಎಂದು. ಬೆಳಿಗ್ಗೆ 9ಕ್ಕೆ ಹಡಲ್ ಎಂಬ ಕಿರುಸಭೆ, ಮಧ್ಯಾಹ್ನ ಒಂದು ರಿವ್ಯೂ ಕಾಲ್, ಸಂಜೆ 7ಕ್ಕೆ ಇನ್ನೊಂದು. ನಡುವೆ ಹೊಸ ಖಾತೆ, ಕ್ರೆಡಿಟ್ ಕಾರ್ಡ್, ವಿಮೆ, ಬಂಗಾರದ ಸಾಲ ಎಲ್ಲದಕ್ಕೂ ಒಂದೊಂದು ಸಂಖ್ಯೆ.

ಸಂಬಳದ ವಿಷಯದಲ್ಲಿ ಆಗುವ ನಿರಾಸೆಗೆ ಮೊತ್ತ ಕಡಿಮೆ ಎನ್ನುವುದಷ್ಟೇ ಕಾರಣವಲ್ಲ, ಆಫರ್ ಲೆಟರನ್ನು ಓದುವ ರೀತಿಯೂ ಕಾರಣ. ಒಂದು ಮಾದರಿ ಲೆಕ್ಕ ಹಾಕೋಣ. ಸಿಟಿಸಿ (ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ವರ್ಷಕ್ಕೆ 3,60,000 ರೂಪಾಯಿ ಎಂದಿದ್ದರೆ ಮನೆಯವರು ತಿಂಗಳಿಗೆ 30,000 ಎಂದುಕೊಳ್ಳುತ್ತಾರೆ. ಅದರಲ್ಲಿ ಶೇ. 10 ವೇರಿಯಬಲ್ ಪೇ, ಅಂದರೆ ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗುವ ಹಣ. ಅದನ್ನು ಕಳೆದರೆ ತಿಂಗಳಿಗೆ 27,000. ಮೂಲ ವೇತನ ಅದರ ಅರ್ಧ, 13,500 ಎಂದಿಟ್ಟುಕೊಂಡರೆ ಕಂಪನಿಯ ಪಾಲಿನ ಪಿಎಫ್ ಶೇ. 12, ಅಂದರೆ 1,620. ಇದನ್ನೂ ಸಿಟಿಸಿಯೊಳಗೇ ಸೇರಿಸಿರುತ್ತಾರೆ. ಗ್ರಾಚ್ಯುಟಿಗೆಂದು ತೋರಿಸುವ ಮೊತ್ತ ಸುಮಾರು 650. ಆಮೇಲೆ ನೌಕರನ ಪಾಲಿನ ಪಿಎಫ್ ಇನ್ನೊಂದು 1,620. ಕೈಗೆ ಬರುವುದು 23,100 ರೂಪಾಯಿ ಚಿಲ್ಲರೆ. ದಿನಕ್ಕೆ 60 ಕಿ.ಮೀ. ಬೈಕ್ ಓಡಿಸಿದರೆ 24 ದಿನಕ್ಕೆ 1,440 ಕಿ.ಮೀ. ಲೀಟರಿಗೆ 45 ಕಿ.ಮೀ. ಮೈಲೇಜ್ ಇದ್ದರೂ 32 ಲೀಟರ್ ಪೆಟ್ರೋಲ್ ಬೇಕು, ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ 3,200. ಬ್ಯಾಂಕ್ ಪೆಟ್ರೋಲ್ ಭತ್ಯೆ ಕೊಡದಿದ್ದರೆ ಉಳಿಯುವುದು 20,000ಕ್ಕಿಂತ ಕಡಿಮೆ. ಮೈಸೂರಿನಲ್ಲಿ ರೂಮ್ ಬಾಡಿಗೆ, ಮೆಸ್ಸು ಕಳೆದ ಮೇಲೆ ಊರಿಗೆ ಕಳಿಸಲು ಏನು ಉಳಿಯುತ್ತದೆ ಎಂದು ಅವರವರೇ ಲೆಕ್ಕ ಹಾಕಿಕೊಳ್ಳಬಹುದು. ಮನೆಯಲ್ಲಿ ಹೇಳಿದ 30,000ಕ್ಕೂ ಇದಕ್ಕೂ ಇರುವ ಅಂತರವೇ ಮೂರನೇ ತಿಂಗಳ ರಾಜೀನಾಮೆ.

ಹಾಗಾದರೆ ಸಂಬಳ ಜಾಸ್ತಿ ಮಾಡಿದರೆ ನಿಲ್ಲುತ್ತಾರೆಯೆ? ಸ್ವಲ್ಪ ಮಟ್ಟಿಗೆ. ಇದಕ್ಕಿಂತ ಆಳದ ತೊಂದರೆ ಟಾರ್ಗೆಟ್‌ನ ಸ್ವರೂಪದಲ್ಲಿದೆ. ಅದನ್ನು ಬಿಡಿಸಿ ನೋಡಬೇಕು.

ಬ್ಯಾಂಕಿನ ಮಾಮೂಲಿ ಆದಾಯ ಠೇವಣಿಗೆ ಕೊಡುವ ಬಡ್ಡಿ ಮತ್ತು ಸಾಲಕ್ಕೆ ಪಡೆಯುವ ಬಡ್ಡಿಯ ನಡುವಿನ ವ್ಯತ್ಯಾಸ. ಆ ವ್ಯತ್ಯಾಸ ಬಿಗಿಯಾದಷ್ಟೂ ವಿಮೆ, ಮ್ಯೂಚುವಲ್ ಫಂಡ್ ಮಾರಿ ಬರುವ ಕಮಿಷನ್ನಿನ ಮೇಲೆ ಕಣ್ಣು ಬೀಳುತ್ತದೆ. ಜೀವವಿಮೆಯಲ್ಲಿ ಕಮಿಷನ್ನಿನ ದೊಡ್ಡ ಪಾಲು ಮೊದಲ ವರ್ಷದ ಪ್ರೀಮಿಯಂ ಮೇಲೆ ಬರುತ್ತದೆ. ಹಾಗಾಗಿ ಹಳೇ ಪಾಲಿಸಿ ಉಳಿಸುವುದಕ್ಕಿಂತ ಹೊಸ ಪಾಲಿಸಿ ಮಾಡಿಸುವುದಕ್ಕೇ ಒತ್ತಡ. ಇದಕ್ಕೆಂದೇ 'ಲಾಗಿನ್ ಡೇ' ಎಂಬ ಹಬ್ಬಗಳಿರುತ್ತವೆ. ಆ ದಿನ ಶಾಖೆಯಿಂದ ಇಷ್ಟು ಪಾಲಿಸಿ ಹೋಗಲೇಬೇಕು. ಗಿರಾಕಿ ಸಿಗದಿದ್ದರೆ ಸಿಬ್ಬಂದಿ ತಮ್ಮ ಹೆಂಡತಿ, ಅಣ್ಣ, ಭಾವನ ಹೆಸರಲ್ಲೇ ಮಾಡಿಸುತ್ತಾರೆ. ಸಂಬಳದ ಒಂದು ಭಾಗ ಹೀಗೆ ಬ್ಯಾಂಕಿಗೇ ವಾಪಸ್ ಹೋಗುತ್ತದೆ.

ಈಗ ಕಬ್ಬಿನ ದುಡ್ಡು ಬಂದ ರೈತರೊಬ್ಬರನ್ನು ಊಹಿಸಿಕೊಳ್ಳಿ. ಐದು ಲಕ್ಷ ಎಫ್‌ಡಿ ಇಡಲು ಶಾಖೆಗೆ ಬಂದಿದ್ದಾರೆ. 'ಎಫ್‌ಡಿಗಿಂತ ಇದು ಚೆನ್ನಾಗಿದೆ ಸಾ' ಎಂದು ವರ್ಷಕ್ಕೆ ಒಂದು ಲಕ್ಷ ಪ್ರೀಮಿಯಂನ ಪಾಲಿಸಿ ಮಾಡಿಸುತ್ತಾರೆ. ಪಾಲಿಸಿ ಬೇಡವೆನಿಸಿದರೆ 30 ದಿನದೊಳಗೆ ವಾಪಸ್ ಕೊಡಬಹುದು. ಆ ಮಾತನ್ನು ಯಾರೂ ಒತ್ತಿ ಹೇಳುವುದಿಲ್ಲ. ಮುಂದಿನ ವರ್ಷ ಎರಡನೇ ಕಂತಿನ ಮೆಸೇಜ್ ಬಂದಾಗ ರೈತರು ಶಾಖೆಗೆ ಓಡಿ ಬರುತ್ತಾರೆ. ಅಷ್ಟರಲ್ಲಿ ಮಾರಿದ ಹುಡುಗ ಬೇರೆ ಬ್ಯಾಂಕಿನಲ್ಲಿರುತ್ತಾನೆ. ಬೈಗುಳ ತಿನ್ನುವುದು ಎರಡು ತಿಂಗಳ ಹಿಂದೆ ಸೇರಿದ ಹುಡುಗಿ, ತಾನು ನೋಡಿಯೇ ಇರದ ಪಾಲಿಸಿಗಾಗಿ. ಅವಳಿಗೆ ಆ ತಿಂಗಳ ಟಾರ್ಗೆಟ್ ಬೇರೆ ಇದೆ, ಅದನ್ನು ಮುಟ್ಟಲು ಅವಳೂ ಅದನ್ನೇ ಮಾಡಬೇಕು. ಒಬ್ಬರು ಬಿಟ್ಟುಹೋದದ್ದು ಇನ್ನೊಬ್ಬರು ಬಿಡುವುದಕ್ಕೆ ಕಾರಣವಾಗುವುದು ಹೀಗೆ. ಮೈಸೂರಿನ ಬಡಾವಣೆಯ ಶಾಖೆಯಲ್ಲಿ ಗಿರಾಕಿ ಅಪರಿಚಿತ. ಮದ್ದೂರಿನಲ್ಲೋ ಕೆ.ಆರ್. ಪೇಟೆಯಲ್ಲೋ ಗಿರಾಕಿ ಚಿಕ್ಕಪ್ಪನ ಸ್ನೇಹಿತ, ಜಾತ್ರೆಯಲ್ಲಿ ಮುಖ ನೋಡಬೇಕಾದವರು. ಊರ ಹುಡುಗರಿಗೆ ಮಾರಾಟ ಸುಲಭ ಎಂದು ನೇಮಕಾತಿಯವರು ಅಂದುಕೊಳ್ಳುತ್ತಾರೆ. ಮೊದಲ 20 ಪಾಲಿಸಿ ಸುಲಭವೇ. ಆಮೇಲೆ ಪರಿಚಯದ ಮನೆಗಳು ಮುಗಿಯುತ್ತವೆ, ಮರ್ಯಾದೆ ಪ್ರಶ್ನೆ ಶುರುವಾಗುತ್ತದೆ.

ಆರು ತಿಂಗಳು ದಾಟಿದವರು ಸಾಮಾನ್ಯವಾಗಿ ಏಪ್ರಿಲ್‌ವರೆಗೆ ತಡೆಯುತ್ತಾರೆ. ಏಪ್ರಿಲ್‌ನಿಂದ ಜುಲೈವರೆಗೆ ಬರುವ ರಾಜೀನಾಮೆಗಳಿಗೆ ಕಾರಣ ಬೇರೆ ಹುಡುಕಬೇಕಾಗಿಲ್ಲ. ವರ್ಷದ ಇನ್ಸೆಂಟಿವ್ ಖಾತೆಗೆ ಬಿದ್ದಿರುತ್ತದೆ, ಮೊದಲೇ ಬಿಟ್ಟರೆ ಅದು ಹೋಗುತ್ತಿತ್ತು. ಅದೇ ಬೀದಿಯ ಎದುರು ಬ್ಯಾಂಕ್ ಶೇ. 20 ಹೆಚ್ಚು ಕೊಟ್ಟು ಕರೆಯುತ್ತದೆ. ಎದುರು ಬ್ಯಾಂಕಿಗೆ ಬೇಕಾಗಿರುವುದು ಇವರ ಜೊತೆ ಬರುವ ಗಿರಾಕಿಗಳ ಪಟ್ಟಿ. ಆ ಪಟ್ಟಿ ಖಾಲಿಯಾದ ಮೇಲೆ ಅಲ್ಲೂ ಅದೇ ರಿವ್ಯೂ ಕಾಲ್.

ಮೈಕ್ರೋಫೈನಾನ್ಸ್ ಮತ್ತು ಸ್ಮಾಲ್ ಫೈನಾನ್ಸ್ ಬ್ಯಾಂಕುಗಳ ಫೀಲ್ಡ್ ಸಿಬ್ಬಂದಿಯ ಕಥೆ ಇನ್ನೂ ಬಿರುಸು. ಬೆಳಗಾಗುವ ಮೊದಲೇ ಹೊರಟು ಮಹಿಳಾ ಗುಂಪುಗಳ ಸಭೆ, ನಗದು ಎಣಿಕೆ, ಕಂತು ಬಾರದಿದ್ದರೆ ಆ ಮನೆ ಮುಂದೆ ಕಾಯುವುದು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ಸಾಲ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಗಳಿಗೆ ಅದು ಅನ್ವಯಿಸದಿದ್ದರೂ ಹಳ್ಳಿಯಲ್ಲಿ ಆ ವ್ಯತ್ಯಾಸ ಯಾರು ನೋಡುತ್ತಾರೆ? ಜನರ ಸಿಟ್ಟು ತಿರುಗುವುದು ಮನೆ ಬಾಗಿಲಿಗೆ ಬಂದ 23 ವರ್ಷದ ಹುಡುಗನ ಮೇಲೆ, ಸಾಲದ ಮೇಲೆ ಸಾಲ ಮಂಜೂರು ಮಾಡಿದ ಕಚೇರಿಯ ಮೇಲಲ್ಲ.

ಸರ್ಕಾರಿ ಬ್ಯಾಂಕಿನ ಗಡಿಯಾರ ಬೇರೆ

ಸರ್ಕಾರಿ ಬ್ಯಾಂಕುಗಳಲ್ಲಿ ಮೊದಲ ವರ್ಷ ಬಿಡುವವರು ಕಡಿಮೆ. ಸಂಬಳವೂ ತಕರಾರಿನ ವಿಷಯವಲ್ಲ. 2024ರ ಮಾರ್ಚ್ 8ರಂದು ಬ್ಯಾಂಕುಗಳು ಮತ್ತು ನೌಕರರ ಸಂಘಗಳ ನಡುವೆ ಸಹಿಯಾದ 12ನೇ ದ್ವಿಪಕ್ಷೀಯ ಒಪ್ಪಂದದಲ್ಲಿ ಶೇ. 17 ಹೆಚ್ಚಳವಾಗಿ, 2022ರ ನವೆಂಬರ್‌ನಿಂದ ಪೂರ್ವಾನ್ವಯವಾಗಿ ಜಾರಿಯಾಯಿತು. ಕ್ಲರ್ಕ್‌ಗೆ ಆರಂಭದ ಮೂಲ ವೇತನವೇ 24,050, ಸ್ಕೇಲ್ ಒಂದರ, ಅಂದರೆ ಆರಂಭದ ದರ್ಜೆಯ ಅಧಿಕಾರಿಗೆ 48,480. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಎಲ್ಲ ಬೇರೆ. ಇಲ್ಲಿ ಬಿಡುವ ಸಮಯಗಳು ಪರೀಕ್ಷೆ, ವರ್ಗಾವಣೆ ಮತ್ತು ತನಿಖೆಗಳ ಜೊತೆ ಹೆಣೆದುಕೊಂಡಿವೆ.

ಮೊದಲನೆಯದು ಪರೀಕ್ಷೆ. ಕ್ಲರ್ಕ್ ಆದವರು ಪಿಒ (ಪ್ರೊಬೇಷನರಿ ಅಧಿಕಾರಿ) ಪರೀಕ್ಷೆ ಬರೆಯುತ್ತಿರುತ್ತಾರೆ, ಪಿಒ ಆದವರು ರಿಸರ್ವ್ ಬ್ಯಾಂಕ್, ನಬಾರ್ಡ್, ಕೆಎಎಸ್ ಎಂದು ಓದುತ್ತಿರುತ್ತಾರೆ. ಮೈಸೂರಿನ ಲೈಬ್ರರಿಗಳಲ್ಲಿ, ಕೋಚಿಂಗ್ ಸೆಂಟರ್‌ಗಳಲ್ಲಿ ಭಾನುವಾರ ಕೂತವರಲ್ಲಿ ಬ್ಯಾಂಕಿನ ಗುರುತಿನ ಚೀಟಿ ಇರುವವರು ಸಾಕಷ್ಟು. ಸರ್ಕಾರಿ ಬ್ಯಾಂಕುಗಳ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಹಂಚಿಕೆ ಪಟ್ಟಿ ಬಂದ ವಾರ ಕೆಲವು ಶಾಖೆಗಳಲ್ಲಿ ಎರಡು ಕೌಂಟರ್ ಒಟ್ಟಿಗೇ ಖಾಲಿಯಾಗುತ್ತವೆ. ಇದನ್ನು ಅತೃಪ್ತಿ ಎನ್ನುವುದು ತಪ್ಪು. ಇವರು ಮನಸ್ಸಿನಲ್ಲಿ ಈ ಕೆಲಸಕ್ಕೆ ಸೇರಿರಲೇ ಇಲ್ಲ.

ಎರಡು ವರ್ಷ ತುಂಬಿದ ಕೂಡಲೇ ಬಿಡುವ ಅಧಿಕಾರಿಗಳದ್ದು ಇನ್ನೊಂದು ಬಗೆ. ಸ್ಟೇಟ್ ಬ್ಯಾಂಕಿನ ಸರ್ಕಲ್ ಬೇಸ್ಡ್ ಆಫೀಸರ್ ಹುದ್ದೆಗೆ ಬೇರೆ ವಾಣಿಜ್ಯ ಬ್ಯಾಂಕ್ ಅಥವಾ ಗ್ರಾಮೀಣ ಬ್ಯಾಂಕಿನಲ್ಲಿ ಅಧಿಕಾರಿಯಾಗಿ ಎರಡು ವರ್ಷದ ಅನುಭವ ಬೇಕು, ಸ್ಥಳೀಯ ಭಾಷೆ ಬರಬೇಕು. ಇದಕ್ಕೆ ಬದಲಾಗಿ ಸಿಗುವುದು ತನ್ನ ಸರ್ಕಲ್‌ನಲ್ಲೇ, ಅಂದರೆ ಬ್ಯಾಂಕ್ ಗುರುತಿಸಿದ ಒಂದೇ ಪ್ರದೇಶದಲ್ಲೇ, ವರ್ಷಗಟ್ಟಲೆ ಇರುವ ಭರವಸೆ. ಬಿಹಾರಕ್ಕೋ ಗುಜರಾತಿಗೋ ಹೋಗಬೇಕಾದೀತು ಎಂಬ ಅಳುಕಿನಲ್ಲಿರುವ ಮಂಡ್ಯದ ಅಧಿಕಾರಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕೆ? ಒಂದು ಬ್ಯಾಂಕ್ ಎರಡು ವರ್ಷ ಖರ್ಚು ಮಾಡಿ ತರಬೇತಿ ಕೊಟ್ಟವರನ್ನು ಇನ್ನೊಂದು ಬ್ಯಾಂಕ್ ನಿಯಮಬದ್ಧವಾಗಿಯೇ ಎತ್ತಿಕೊಳ್ಳುತ್ತದೆ.

ಹಿಂದೆ ಈ ಅಳುಕು ಇಷ್ಟಿರಲಿಲ್ಲ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ 1913ರಲ್ಲಿ ಶುರುವಾದ ಮೈಸೂರು ಬ್ಯಾಂಕಿಗೆ ಸೇರಿದವರು ಹೆಚ್ಚಿನಂಶ ಕರ್ನಾಟಕದೊಳಗೇ ಸುತ್ತಿ ನಿವೃತ್ತರಾಗಬಹುದಿತ್ತು. ಅದು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು, ಆಗ ಸ್ವಯಂನಿವೃತ್ತಿ ಯೋಜನೆಯೂ ಬಂತು. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್ ಹೀಗೇ ಹೋದವು. ಗ್ರಾಮೀಣ ಬ್ಯಾಂಕಿನ ಮಾತೂ ಅಷ್ಟೆ. ಮಂಡ್ಯದಲ್ಲಿ ವಿಶ್ವೇಶ್ವರಯ್ಯ ಗ್ರಾಮೀಣ ಬ್ಯಾಂಕ್ ಇತ್ತು. 2012ರಲ್ಲಿ ಅದು ಮೈಸೂರು ಕೇಂದ್ರದ ಕಾವೇರಿ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. 2019ರಲ್ಲಿ ಪ್ರಧಾನ ಕಚೇರಿ ಬಳ್ಳಾರಿಗೆ ಹೋಯಿತು. 2025ರ ಮೇ 1ರಿಂದ ಧಾರವಾಡದ ಗ್ರಾಮೀಣ ಬ್ಯಾಂಕೂ ಸೇರಿ ಇಡೀ ರಾಜ್ಯಕ್ಕೆ ಒಂದೇ ಬ್ಯಾಂಕ್. ಅಕ್ಕಪಕ್ಕದ ಜಿಲ್ಲೆಯೊಳಗೆ ಕೆಲಸ ಎಂದುಕೊಂಡು ಸೇರಿದವರ ವರ್ಗಾವಣೆ ನಕ್ಷೆ ಬೀದರ್‌ವರೆಗೆ ಹಿಗ್ಗಿತು. ವಿಲೀನದ ಲೆಕ್ಕಪತ್ರದಲ್ಲಿ ಈ ಖರ್ಚನ್ನು ಯಾರೂ ಬರೆಯುವುದಿಲ್ಲ.

ಮೂರನೆಯ ಸಮಯ ಬಡ್ತಿಯದ್ದು. ಸ್ಕೇಲ್ ಮೂರರಿಂದ ನಾಲ್ಕಕ್ಕೆ ಏರಿದರೆ ದೂರದ ರಾಜ್ಯಕ್ಕೆ ಹಾಕುವ ಸಾಧ್ಯತೆ ಇನ್ನೂ ಹೆಚ್ಚು. ಆಗ ವಯಸ್ಸು 40ರ ಆಚೀಚೆ, ಮಕ್ಕಳು ಹೈಸ್ಕೂಲಿನಲ್ಲಿ, ತಂದೆತಾಯಿಗೆ ವಯಸ್ಸಾಗಿರುತ್ತದೆ. ಅನೇಕ ಮಹಿಳಾ ಅಧಿಕಾರಿಗಳು ಬಡ್ತಿ ಪರೀಕ್ಷೆಗೇ ಕೂರುವುದಿಲ್ಲ. ಇದು ಅಟ್ರಿಷನ್ ಲೆಕ್ಕದಲ್ಲಿ ಕಾಣುವುದಿಲ್ಲ, ಆದರೆ ಕೆಲಸದೊಳಗಿದ್ದೇ ಅರ್ಧ ಹೊರನಡೆದ ಹಾಗೆ.

ಹೊರ ರಾಜ್ಯದಿಂದ ಬಂದವರ ಕಡೆಯಿಂದಲೂ ನೋಡಬೇಕು. ಪಾಟ್ನಾದ ಹುಡುಗನನ್ನು ಮಳವಳ್ಳಿ ತಾಲ್ಲೂಕಿನ ಶಾಖೆಗೆ ಹಾಕುತ್ತಾರೆ. ಗೃಹಲಕ್ಷ್ಮಿ ಹಣ ಬಿದ್ದ ವಾರ ಪಾಸ್‌ಬುಕ್ ಹಿಡಿದು ಹೆಂಗಸರು ಸಾಲು ನಿಂತಿರುತ್ತಾರೆ. ಆ ಯೋಜನೆಗೆ 2023ರ ಆಗಸ್ಟ್ 30ರಂದು ಚಾಲನೆ ಸಿಕ್ಕಿದ್ದೇ ಮೈಸೂರಿನಲ್ಲಿ. ಅಲ್ಲಿಂದೀಚೆಗೆ ಹಳ್ಳಿ ಶಾಖೆಗಳ ಕೆಲಸದ ರೀತಿಯೇ ಬದಲಾಗಿದೆ. 'ಎಲ್ರಿಗೂ ಬಂದೈತೆ, ನಂಗ್ಯಾಕ್ ಬಂದಿಲ್ಲ?' ಎಂದು ಕೇಳಿದರೆ ಆಧಾರ್ ಜೋಡಣೆ ಬೇರೆ ಬ್ಯಾಂಕಿನ ಖಾತೆಗೆ ಆಗಿದೆ ಎಂಬುದನ್ನು ವಿವರಿಸಬೇಕು. ಕನ್ನಡ ಬಾರದವರು ಅದನ್ನು ಹೇಗೆ ವಿವರಿಸುತ್ತಾರೆ? ಜನ ರೇಗುತ್ತಾರೆ, ಅದು ನ್ಯಾಯವೇ. ಆ ಹುಡುಗನೂ ತನ್ನೂರಿನ ಕಡೆ ವರ್ಗಾವಣೆ ಅರ್ಜಿ ಹಾಕುತ್ತಾನೆ, ಸಿಗದಿದ್ದರೆ ಬಿಡುತ್ತಾನೆ. ಕನ್ನಡ ಬಲ್ಲ ಸ್ಥಳೀಯ ಅಧಿಕಾರಿಗಳ ನೇಮಕ ಇದಕ್ಕಿರುವ ನೇರ ಪರಿಹಾರ. ಕ್ಲರ್ಕ್ ನೇಮಕಾತಿಯಲ್ಲಿ ಭಾಷಾ ಪರೀಕ್ಷೆ ಇದ್ದೇ ಇದೆ.

ನಾಲ್ವರ ಶಾಖೆಯಲ್ಲಿ ಒಬ್ಬರು ಹೋದರೆ

ಜನ ಬಿಡುವುದಕ್ಕೆ ಕೆಲಸದ ಹೊರೆ ಕಾರಣ ಎನ್ನುವುದು ಹಳೇ ಮಾತು. ಅದು ನಿಜವಾಗಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸಣ್ಣ ಶಾಖೆಯಲ್ಲಿ ನೋಡಬೇಕು. ಒಬ್ಬ ಮ್ಯಾನೇಜರ್, ಒಬ್ಬ ಅಧಿಕಾರಿ, ಇಬ್ಬರು ಕ್ಲರ್ಕ್. ಬ್ಯಾಂಕಿನ ಇಡೀ ಸುರಕ್ಷೆ ನಿಂತಿರುವುದು ಒಂದೇ ಕೆಲಸವನ್ನು ಇಬ್ಬರು ಮಾಡಬೇಕೆಂಬ ನಿಯಮದ ಮೇಲೆ. ಒಬ್ಬರು ಎಂಟ್ರಿ ಹಾಕಬೇಕು, ಇನ್ನೊಬ್ಬರು ಪಾಸ್ ಮಾಡಬೇಕು. ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಹತ್ತಿರ ಇರಬೇಕು. ಬಂಗಾರದ ಸಾಲದ ಪ್ಯಾಕೆಟ್ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಎರಡು ಸಹಿ.

ಇಲ್ಲಿ ಅಧಿಕಾರಿ ರಾಜೀನಾಮೆ ಕೊಟ್ಟರೆ ಬದಲಿ ಬರುವುದು ತಿಂಗಳುಗಳ ಮೇಲೆ. ಅಲ್ಲಿಯವರೆಗೆ ಪಾಸ್ ಮಾಡಬೇಕಾದವರು ಮ್ಯಾನೇಜರ್ ಒಬ್ಬರೇ. ಆದರೆ ಅವರು ಮಧ್ಯಾಹ್ನ ವಸೂಲಿಗೆ ಹೋಗಬೇಕು, ಜಿಲ್ಲೆಯ ಎಲ್ಲ ಬ್ಯಾಂಕುಗಳನ್ನು ಕರೆಯುವ ಲೀಡ್ ಬ್ಯಾಂಕ್ ಸಭೆಗೆ ಮಂಡ್ಯಕ್ಕೆ ಹೋಗಬೇಕು. ಕೌಂಟರ್ ಮುಂದೆ 40 ಜನ ನಿಂತಿದ್ದಾರೆ. ಆಗ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಕ್ಲರ್ಕ್ ಕೈಗೆ ಹೋಗುತ್ತದೆ, ಕೀಲಿ ಗೊಂಚಲು ಒಬ್ಬರ ಜೇಬಿಗೇ ಸೇರುತ್ತದೆ. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಆದರೆ ಒಂದು ತಪ್ಪು ಎಂಟ್ರಿ, ಒಂದು ನಕಲಿ ಚಿನ್ನದ ಪ್ಯಾಕೆಟ್ ಹೊರಬಿದ್ದ ದಿನ ಕಂಪ್ಯೂಟರ್ ತೋರಿಸುವುದು ಯಾರ ಐಡಿ ಎಂಬುದನ್ನು ಮಾತ್ರ. ಅವತ್ತು ಶಾಖೆಯಲ್ಲಿ ಎಷ್ಟು ಜನ ಇರಲಿಲ್ಲ ಎಂಬುದು ಚಾರ್ಜ್‌ಶೀಟಿನಲ್ಲಿ ಬರುವುದಿಲ್ಲ. ಇದನ್ನು ಹತ್ತಿರದಿಂದ ಕಂಡ ಕಿರಿಯರು ಮರುವರ್ಷದ ಪರೀಕ್ಷೆಗೆ ಓದಲು ಕೂರುತ್ತಾರೆ.

ಸಾಲದ ಕಡೆ ಇದೇ ಭಯ ಇನ್ನೊಂದು ರೂಪದಲ್ಲಿದೆ. ಬೆಳೆಸಾಲ ಬಿಟ್ಟು ಮಿಕ್ಕ ಸಾಲಗಳಲ್ಲಿ ಕಂತು ತಪ್ಪಿದ ಮೊದಲ 30 ದಿನ ಎಸ್‌ಎಂಎ-0 (ಕಣ್ಣಿಡಬೇಕಾದ ಖಾತೆಯ ಮೊದಲ ಹಂತ), 31ರಿಂದ 60 ಎಸ್‌ಎಂಎ-1, 61ರಿಂದ 90 ಎಸ್‌ಎಂಎ-2, ಅದನ್ನು ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಬೆಳೆಸಾಲಕ್ಕೆ ಲೆಕ್ಕ ಬೆಳೆಯ ಹಂಗಾಮಿನ ಮೇಲೆ. ಅಲ್ಪಾವಧಿ ಬೆಳೆಯಾದರೆ ಎರಡು ಹಂಗಾಮು, ದೀರ್ಘಾವಧಿಯಾದರೆ ಒಂದು. ಕಬ್ಬು ಕೊಟ್ಟ 14 ದಿನದಲ್ಲಿ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಅದು ತಡವಾದರೆ ರೈತರ ಟ್ರ್ಯಾಕ್ಟರ್ ಕಂತೂ ತಪ್ಪುತ್ತದೆ, ಮ್ಯಾನೇಜರ್ ಫೋನಿಗೆ ಪ್ರಾದೇಶಿಕ ಕಚೇರಿಯ ಕರೆಯೂ ಬರುತ್ತದೆ. ಕಾರ್ಖಾನೆ ಯಾವಾಗ ದುಡ್ಡು ಹಾಕುತ್ತದೆ ಎಂಬುದು ಮ್ಯಾನೇಜರ್ ಕೈಯಲ್ಲಿಲ್ಲ. ಎನ್‌ಪಿಎ ಆದ ಮೇಲೆ ಮಂಜೂರು ಮಾಡಿದವರ ಹೊಣೆ ಪರಿಶೀಲಿಸುತ್ತಾರೆ. 50 ಕೋಟಿವರೆಗಿನ ಸಾಲಗಳಿಗೆ ಈ ಪರಿಶೀಲನೆ ಆರು ತಿಂಗಳೊಳಗೆ ಮುಗಿಯಬೇಕೆಂಬ ಮಾರ್ಗಸೂಚಿ 2022ರ ಏಪ್ರಿಲ್‌ನಿಂದ ಇದೆ. ಒಳ್ಳೆಯ ನಿಯಮ. ವರ್ಷಗಟ್ಟಲೆ ಎಳೆದಾಡುವುದಕ್ಕಿಂತ ಬೇಗ ಮುಗಿಯುವ ವಿಚಾರಣೆ ವಾಸಿ. 50 ವರ್ಷ ದಾಟಿದವರಲ್ಲಿ ಸ್ವಯಂನಿವೃತ್ತಿ ಕೇಳುವವರು ಹೆಚ್ಚಿರುವುದಕ್ಕೆ ಈ ಭಯವೂ ಒಂದು ಕಾರಣ. ಹಳೇ ಪಿಂಚಣಿ ಯೋಜನೆಯವರು 20 ವರ್ಷ ಸೇವೆ ಮುಗಿಸಿದ್ದರೆ ಮೂರು ತಿಂಗಳ ನೋಟಿಸ್ ಕೊಟ್ಟು ಹೋಗಬಹುದು.

2010ರ ಏಪ್ರಿಲ್ 1ರ ನಂತರ ಸೇರಿದವರಿಗೆ ಆ ಹಳೇ ಪಿಂಚಣಿಯೇ ಇಲ್ಲ, ಇರುವುದು ಎನ್‌ಪಿಎಸ್ ಎಂಬ, ಕಟ್ಟಿದ ಹಣದ ಮೇಲೆ ನಿಂತ ಪಿಂಚಣಿ. ಹಿಂದಿನವರನ್ನು ಕಟ್ಟಿಹಾಕಿದ್ದ ಹಗ್ಗಗಳಲ್ಲಿ ದೊಡ್ಡದು ಇದೇ ಆಗಿತ್ತು. ಎನ್‌ಪಿಎಸ್ ಖಾತೆ ನೌಕರರ ಜೊತೆಯಲ್ಲೇ ಬರುವುದರಿಂದ ಬಿಟ್ಟರೆ ಕಳೆದುಕೊಳ್ಳುವುದು ಕಡಿಮೆ. ಉಳಿದಿರುವ ಹಗ್ಗ ಸಿಬ್ಬಂದಿ ದರದ ಗೃಹಸಾಲ. ರಾಜೀನಾಮೆ ಕೊಟ್ಟರೆ ಅದು ಮಾಮೂಲಿ ಗಿರಾಕಿಯ ದರಕ್ಕೆ ತಿರುಗುತ್ತದೆ ಅಥವಾ ತೀರಿಸಬೇಕಾಗುತ್ತದೆ. ಮೈಸೂರಿನ ವಿಜಯನಗರದಲ್ಲಿ ಸೈಟ್ ಮೇಲೆ ಮನೆ ಕಟ್ಟಿಸಿದ ಅಧಿಕಾರಿ ಹತ್ತು ವರ್ಷ ಗೊಣಗುತ್ತಲೇ ಉಳಿಯುವುದರ ಗುಟ್ಟು ಇದು.

ತಡೆಯಲು ಶಾಖೆಯ ಮಟ್ಟದಲ್ಲಿ ಏನು ಸಾಧ್ಯ

ಸಂಬಳ, ವರ್ಗಾವಣೆ ಮ್ಯಾನೇಜರ್ ಕೈಯಲ್ಲಿಲ್ಲ. ದಿನದ ಆಕಾರ ಸ್ವಲ್ಪ ಮಟ್ಟಿಗೆ ಇದೆ. ಸಂಜೆ ರಿವ್ಯೂ ಕಾಲ್ ಮುಗಿಯುವ ಗಂಟೆ ಗೊತ್ತಿದ್ದರೆ ಅರ್ಧ ಜಗಳ ಕಡಿಮೆ. ಹೊಸಬರನ್ನು ಮೊದಲ 30 ದಿನ ಮಾರಾಟಕ್ಕೆ ಕಳಿಸದೆ ಖಾತೆ ತೆರೆಯುವುದು, ಕೆವೈಸಿ, ದೂರು ಬಗೆಹರಿಸುವುದನ್ನು ಕಲಿಸಿದರೆ ಅವರು ಆಮೇಲೆ ಮಾರುವ ಮಾತಿಗೂ ತೂಕ ಬರುತ್ತದೆ. ಟಾರ್ಗೆಟ್ಟನ್ನು ಹೊಸ ಪಾಲಿಸಿಯ ಸಂಖ್ಯೆಯಿಂದ ಅಳೆಯುವುದರ ಜೊತೆಗೆ ಎರಡನೇ ಕಂತು ಕಟ್ಟಿದವರ ಸಂಖ್ಯೆಯಿಂದಲೂ ಅಳೆದರೆ ತಪ್ಪು ಮಾರಾಟ ತಾನಾಗಿ ಇಳಿಯುತ್ತದೆ. ಆದರೆ ಇದಕ್ಕೆ ಮೇಲಿನವರು ಒಪ್ಪಬೇಕು, ಒಪ್ಪುವುದು ಅಪರೂಪ. ಸೂಕ್ಷ್ಮ ಹುದ್ದೆಯವರನ್ನು ಮುನ್ಸೂಚನೆಯಿಲ್ಲದೆ ವರ್ಷಕ್ಕೆ ಕನಿಷ್ಠ 10 ಕೆಲಸದ ದಿನ ಕಡ್ಡಾಯ ರಜೆಯಲ್ಲಿ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿದೆ. ಅದರ ಉದ್ದೇಶ ವಂಚನೆ ಪತ್ತೆ. ಆದರೂ ಶ್ರದ್ಧೆಯಿಂದ ಪಾಲಿಸಿದ ಕಡೆ ಒಬ್ಬರ ಕೆಲಸ ಇನ್ನೊಬ್ಬರಿಗೆ ಬರುತ್ತದೆ, ರಜೆ ಕೇಳಲು ಹೆದರುವ ಸ್ಥಿತಿಯೂ ತಪ್ಪುತ್ತದೆ.

ಬಿಡಲೇಬೇಕೆಂದಿದ್ದರೆ

ಬಾಯಲ್ಲಿ ಮಾತ್ರ ಹೇಳಿ ಕೆಲಸಕ್ಕೆ ಬರುವುದನ್ನು ನಿಲ್ಲಿಸಿದರೆ ಮುಂದಿನ ಎರಡು ವರ್ಷ ಕಾಗದಪತ್ರಗಳ ಹಿಂದೆ ಓಡಬೇಕಾಗುತ್ತದೆ. ಮೊದಲು ನೇಮಕಾತಿ ಪತ್ರ ತೆಗೆದು ನೋಟಿಸ್ ಅವಧಿ ಓದಿ. ಸರ್ಕಾರಿ ಬ್ಯಾಂಕಿನ ಕಾಯಂ ಅಧಿಕಾರಿಗೆ ಸಾಮಾನ್ಯವಾಗಿ ಮೂರು ತಿಂಗಳು. ಶಿಸ್ತುಕ್ರಮ ಬಾಕಿಯಿದ್ದರೆ ಲಿಖಿತ ಅನುಮತಿ ಇಲ್ಲದೆ ರಾಜೀನಾಮೆ ಊರ್ಜಿತವಾಗುವುದಿಲ್ಲ.

ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ಇಷ್ಟು ಹಣ ಕಟ್ಟುತ್ತೇನೆ ಎಂದು ಬರೆದುಕೊಡುವ ಬಾಂಡ್ ಬಗ್ಗೆ 'ಕೋರ್ಟಿನಲ್ಲಿ ನಿಲ್ಲಲ್ಲ ಬಿಡಿ' ಎಂಬ ಮಾತು ಕಾಲೇಜು ದಿನಗಳಿಂದ ಕೇಳಿರುತ್ತೀರಿ. ನಂಬಬೇಡಿ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ 2009ರಲ್ಲಿ ಬಿಟ್ಟು 2 ಲಕ್ಷ ಕಟ್ಟಿ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರಿಗೆ ಜಯವಾಯಿತು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಬಾಂಡ್ ಸರಿ ಎಂದಿತು. ಸಾರ್ವಜನಿಕ ಬ್ಯಾಂಕ್ ಮನಸ್ಸಿಗೆ ಬಂದವರನ್ನು ನೇಮಿಸುವಂತಿಲ್ಲ, ಬಹಿರಂಗ ನೇಮಕಾತಿಗೆ ಖರ್ಚಿದೆ, ಆ ಹುದ್ದೆಯ ಸಂಬಳಕ್ಕೆ ಹೋಲಿಸಿದರೆ ಆ ಮೊತ್ತ ವಿಪರೀತವೂ ಅಲ್ಲ ಎಂಬುದು ಅದರ ತರ್ಕ. ಇನ್ನು ಎರಡು ತಿಂಗಳು ಕಾದರೆ ಬಾಂಡ್ ಮುಗಿಯುವುದಾದರೆ ಕಾಯುವುದೇ ಲಾಭ. ಹೊಸ ಕಡೆಯವರು ಬಾಂಡ್ ಹಣ ಕೊಡುತ್ತಾರೆಂದರೆ ಅದನ್ನು ಆಫರ್ ಲೆಟರಿನಲ್ಲಿ ಬರೆಸಿಕೊಳ್ಳಿ.

ಐದು ವರ್ಷ ಪೂರ್ತಿಯಾದ ಮೇಲೆ ಗ್ರಾಚ್ಯುಟಿ ಸಿಗುತ್ತದೆ. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ ಸೇವೆಯ ವರ್ಷಗಳಿಂದ ಗುಣಿಸಬೇಕು. 30,000 ರೂಪಾಯಿಗೆ ಆರು ವರ್ಷವಾದರೆ 1,03,846. ನಾಲ್ಕು ವರ್ಷ ಚಿಲ್ಲರೆಯಲ್ಲಿರುವವರು ರಾಜೀನಾಮೆಯ ತಾರೀಖನ್ನು ಈ ಲೆಕ್ಕ ಹಾಕಿಯೇ ಬರೆಯುವುದು ಒಳ್ಳೆಯದು.

ಹಸ್ತಾಂತರದಲ್ಲಿ ಆತುರ ಬೇಡ. ನಗದು, ಕೀಲಿ, ಬಂಗಾರದ ಪ್ಯಾಕೆಟ್, ಸಾಲದ ಮೂಲ ದಾಖಲೆ, ಖಾಲಿ ಚೆಕ್‌ಬುಕ್ ಮತ್ತು ಎಟಿಎಂ ಕಾರ್ಡ್‌ಗಳ ದಾಸ್ತಾನು ಎಲ್ಲವನ್ನೂ ಎಣಿಸಿ ಇಬ್ಬರೂ ಸಹಿ ಮಾಡಿದ ಪಟ್ಟಿಯ ಒಂದು ಪ್ರತಿ ನಿಮ್ಮಲ್ಲಿರಲಿ. ಕೊನೆಯ ದಿನ ನಿಮ್ಮ ಯೂಸರ್ ಐಡಿ ರದ್ದಾಗಿದೆ ಎಂಬ ಇಮೇಲ್ ತರಿಸಿಕೊಳ್ಳಿ. ಅದು ಜೀವಂತವಾಗಿದ್ದರೆ ನೀವು ಬಿಟ್ಟ ಮೇಲೂ ನಿಮ್ಮ ಹೆಸರಲ್ಲಿ ಎಂಟ್ರಿ ಬೀಳಬಹುದು.

ಖಾಸಗಿ ಬ್ಯಾಂಕಿನವರು ಪಿಎಫ್ ಹಣ ಬಿಡಿಸಿಕೊಳ್ಳದೆ ಅದೇ ಯುಎಎನ್‌ನಲ್ಲಿ, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆಯಲ್ಲಿ, ವರ್ಗಾಯಿಸಬೇಕು. ಒಟ್ಟು ಸೇವೆ ಐದು ವರ್ಷದೊಳಗಿದ್ದಾಗ ತೆಗೆದರೆ ತೆರಿಗೆ ಬೀಳುತ್ತದೆ. ವರ್ಗಾವಣೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಒಂದೇ ಕಡೆ. ಹಳೇ ಬ್ಯಾಂಕ್ ಪಿಎಫ್ ಪೋರ್ಟಲ್‌ನಲ್ಲಿ ನಿರ್ಗಮನ ದಿನಾಂಕ ಹಾಕಿರುವುದಿಲ್ಲ, ಇಲ್ಲವೇ ರಿಲೀವಿಂಗ್ ಲೆಟರಿನ ದಿನಾಂಕಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಕೊನೆಯ ಕಂತು ಜಮೆಯಾಗಿ ಎರಡು ತಿಂಗಳಾದ ಮೇಲೆ ಆಧಾರ್ ಒಟಿಪಿ ಬಳಸಿ ಆ ದಿನಾಂಕವನ್ನು ನೌಕರರೇ ದಾಖಲಿಸಬಹುದು. ಹಾಕುವಾಗ ರಿಲೀವಿಂಗ್ ಲೆಟರ್ ಪಕ್ಕದಲ್ಲಿಟ್ಟುಕೊಂಡು ಅದೇ ತಾರೀಖು ಹಾಕಿ. ಒಂದು ಸಲ ತಪ್ಪಾಗಿ ದಾಖಲಾದರೆ ತಿದ್ದಿಸಲು ಮತ್ತೆ ಹಳೇ ಬ್ಯಾಂಕಿನ ಎಚ್‌ಆರ್ ಬಾಗಿಲಿಗೇ ಹೋಗಬೇಕಾಗಬಹುದು.